ಐದು ಬಣ್ಣದ ಡೂಕ್

ಬಣ್ಣದ ಪೆಟ್ಟಿಗೆ ಹತ್ತಿರದಲ್ಲಿದೆಯಾ? ಒಂದು ಮಂಗನ ಚಿತ್ರ ಬರೆಯೋಣ. ಮೈಗೆ ಬೂದಿ ಬಣ್ಣ ಹಚ್ಚಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ಏನೂ ಹಚ್ಚದೆ ಬಿಳಿಯಾಗಿಯೇ ಬಿಡಿ, ಉದ್ದ ಕೈಗವಸು ತೊಟ್ಟ ಹಾಗೆ ಕಾಣಲಿ. ಅಂಗೈ, ಪಾದ, ತೊಡೆ ಕಪ್ಪು. ಮೊಣಕಾಲಿನಿಂದ ಕೆಳಗೆ ಮಾಗಿದ ಮುರುಗಲ ಹಣ್ಣಿನಂಥ ಗಾಢ ಕೆಂಪು. ಮುಖಕ್ಕೆ ಕೇಸರಿ, ಅದರ ಸುತ್ತ ಬಿಳಿ ಗಡ್ಡ. ಉದ್ದನೆಯ ಬಾಲವೂ ಬಿಳಿ. ಇನ್ನೊಂದು ಉಳಿಯಿತು: ಕಣ್ಣು ಮುಚ್ಚಿರುವ ಹಾಗೆ ಬರೆದರೆ ರೆಪ್ಪೆಗೆ ತಿಳಿನೀಲಿ ಹಚ್ಚಬೇಕು!

ಇದು ಕಲ್ಪನೆಯ ಪ್ರಾಣಿಯಲ್ಲ. ವಿಯೆಟ್ನಾಂ ಮತ್ತು ಲಾವೋಸ್ ದೇಶಗಳ ಕಾಡಿನಲ್ಲಿ ನಿಜವಾಗಿಯೂ ಇದೆ. ಹೆಸರು ಡೂಕ್. ಪ್ರಾಣಿಶಾಸ್ತ್ರದ ಪುಸ್ತಕ ಬಿಟ್ಟರೆ ಬೇರೆಲ್ಲೂ ಈ ಪದ ನಿಮ್ಮ ಕಣ್ಣಿಗೆ ಬೀಳುವುದು ಅಪರೂಪ. ಆ ಕಡೆಯ ಹೆಸರೊಂದು ಫ್ರೆಂಚರ ಬಾಯಲ್ಲಿ ಹಾಯ್ದು ಪುಸ್ತಕಕ್ಕೆ ಸೇರಿ ಹೀಗಾಯಿತು. ವಿಯೆಟ್ನಾಮಿನ ಜನ ಈಗ ಇದನ್ನು 'ಚಾ ವಾ' ಎನ್ನುತ್ತಾರೆ. 'ಐದು ಬಣ್ಣದ ಮುಸಿಯ' ಎಂಬ ಅರ್ಥದ ಹೆಸರೂ ಅಲ್ಲಿದೆ. ನನಗೆ ಅದೇ ಹೆಚ್ಚು ಇಷ್ಟ. ಕೆಂಪು ಕಾಲಿನದಲ್ಲದೆ ಕಪ್ಪು ಕಾಲಿನ ಡೂಕ್, ಬೂದಿ ಕಾಲಿನ ಡೂಕ್ ಕೂಡ ಇವೆ.

ಬಣ್ಣ ನೋಡಿ ಬೆರಗಾದಿರಲ್ಲ, ಈಗ ಹೊಟ್ಟೆಯ ಕಥೆ ಕೇಳಿ. ಡೂಕಿನ ಮುಖ್ಯ ಊಟ ಎಲೆ. ಎಲೆಯಲ್ಲಿ ನಾರು ಹೆಚ್ಚು. ನಾವು ತಿಂದರೆ ಅದು ಕರಗುವುದಿಲ್ಲ, ಡೂಕಿನ ಮೈಗೂ ತಾನಾಗಿ ಕರಗಿಸಲು ಬರುವುದಿಲ್ಲ. ಅದಕ್ಕೇ ಅದರ ಜಠರದಲ್ಲಿ ಹಲವು ಕೋಣೆಗಳಿವೆ, ಅಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡಿವೆ. ರಾತ್ರಿ ಅಮ್ಮ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ, ಗುಳ್ಳೆ ಗುಳ್ಳೆ ಆಗಿರುತ್ತದಲ್ಲ? ಆ ಹೊಟ್ಟೆಯೊಳಗೂ ಎಲೆ ಹಾಗೆಯೇ ಹುದುಗು ಬರುತ್ತದೆ. ಸೂಕ್ಷ್ಮಜೀವಿಗಳು ನಾರನ್ನು ಒಡೆದು ಕೊಟ್ಟದ್ದೇ ಡೂಕಿಗೆ ಆಹಾರ. ಹುದುಗು ಬಂದಾಗ ಗಾಳಿ ಹುಟ್ಟಬೇಕಲ್ಲ, ಅದು ತೇಗಾಗಿ ಹೊರಬರುತ್ತದೆ. ಎಲೆ ತಿಂದು ಕೊಂಬೆಯ ಮೇಲೆ ಗಂಟೆಗಟ್ಟಲೆ ಸುಮ್ಮನೆ ಕೂರುವ ಡೂಕ್ ಸೋಮಾರಿಯಲ್ಲ. ಒಳಗೆ ಕೆಲಸ ನಡೆದಿರುತ್ತದೆ.

ಹಣ್ಣು ಸಿಕ್ಕರೂ ಡೂಕ್ ಕಾಯನ್ನೇ ಹುಡುಕುತ್ತದೆ. ಸಿಹಿ ಹಣ್ಣು ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಸೂಕ್ಷ್ಮಜೀವಿಗಳ ಸಂಸಾರವನ್ನೇ ಕೆಡಿಸಿಬಿಡುತ್ತದೆ. ಪ್ರೀತಿಯಿಂದ ಬಾಳೆಹಣ್ಣು ಕೊಟ್ಟು ಡೂಕನ್ನು ಸಾಕುತ್ತೇವೆಂದರೆ ಆಗದು. ಅದಕ್ಕೆ ಬೇಕಾದದ್ದು ಬಗೆಬಗೆಯ ಮರಗಳ ಹಸಿ ಎಲೆ.

ನಮ್ಮೂರ ಕಡೆ ಕಪ್ಪು ಮುಖದ, ಉದ್ದ ಬಾಲದ ಮುಸಿಯವನ್ನು ನೋಡಿದ್ದೀರಲ್ಲ? ಅದು ಡೂಕಿನ ನೆಂಟ, ಅದರ ಹೊಟ್ಟೆಯೂ ಇಂಥದ್ದೇ. ಕೆಂಪು ಮುಖದ ಕೋತಿ ಕೈಗೆ ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಓಡುತ್ತದೆ. ಮುಸಿಯಕ್ಕಾಗಲಿ ಡೂಕಿಗಾಗಲಿ ಆ ಚೀಲವೇ ಇಲ್ಲ.

ಮರ ಕಡಿದರೆ ಕೋತಿ ಊರಿಗೆ ಬಂದು ಹೇಗೋ ಬದುಕಿಕೊಳ್ಳುತ್ತದೆ, ಡೂಕಿಗೆ ಅದು ಆಗುವುದಿಲ್ಲ. ಕಾಡು ಕರಗುತ್ತಿದೆ, ಬೇಟೆಗಾರರು ಉರುಲು ಒಡ್ಡುತ್ತಾರೆ. 2020ರಲ್ಲಿ ಕೆಂಪು ಕಾಲಿನ ಡೂಕನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಆದರೂ ವಿಯೆಟ್ನಾಮಿನ ದಾ ನಾಂಗ್ ಎಂಬ ದೊಡ್ಡ ನಗರದ ಮಗ್ಗುಲಲ್ಲೇ, ಸಮುದ್ರಕ್ಕೆ ಚಾಚಿಕೊಂಡ ಸೋನ್ ಚಾ ಎಂಬ ಗುಡ್ಡದ ಕಾಡಿನಲ್ಲಿ ಅವು ಇನ್ನೂ ಗುಂಪುಗುಂಪಾಗಿವೆ.

ಅಲ್ಲಿ ಹುಟ್ಟುವ ಮರಿಯ ಮುಖ ಮೊದಮೊದಲು ಕಪ್ಪು, ಬೆಳೆಯುತ್ತಾ ಕೇಸರಿಯಾಗುತ್ತದೆ. ಆಟಕ್ಕೆ ಕರೆಯುವಾಗ ಡೂಕ್ ಬಾಯಿ ತೆರೆದು, ಗಲ್ಲ ಮುಂದೆ ಚಾಚಿ, ಕಣ್ಣು ಮುಚ್ಚಿ ಆ ನೀಲಿ ರೆಪ್ಪೆ ತೋರಿಸುತ್ತದೆ. ಒಂದು ಡೂಕ್ ಎಲೆಯ ರೆಂಬೆ ಮುರಿದು, ತಾನೊಬ್ಬನೇ ತಿನ್ನದೆ, ಪಕ್ಕದಲ್ಲಿ ಕೂತದ್ದಕ್ಕೆ ದಾಟಿಸುವುದನ್ನೂ ನೋಡಿದವರಿದ್ದಾರೆ. ನಿಮ್ಮ ಚಿತ್ರದಲ್ಲಿ ಜಾಗ ಉಳಿದಿದ್ದರೆ ಇನ್ನೊಂದು ಡೂಕ್ ಬರೆಯಿರಿ, ಇಬ್ಬರ ನಡುವೆ ಒಂದು ಹಸಿರು ರೆಂಬೆ.