ಪ್ಲೇಟಿನ ಕನ್ನಡ, ಅರ್ಜಿಯ ಕನ್ನಡ



ಗೆಳೆಯರೇ, ಇವತ್ತು ಗಾಡಿ ನಂಬರಿನ ಬಗ್ಗೆ ಎರಡು ಮಾತು.

2019ರಲ್ಲಿ ತಿರುವನಂತಪುರದಲ್ಲಿ ‘ಕೆಎಲ್ 01 ಸಿಕೆ 1’ ಎಂಬ ನಂಬರ್ 31 ಲಕ್ಷ ರೂಪಾಯಿಗೆ ಹರಾಜಾಯಿತು. ಅದು ಕಾನೂನುಬದ್ಧ, ದುಡ್ಡಿದ್ದವರ ಖುಷಿ. ಆದರೆ ಸಾಲದ ಗಾಡಿಗೆ ಕೈಸಾಲ ಮಾಡಿ ಫ್ಯಾನ್ಸಿ ನಂಬರ್ ತಗೊಳ್ಳುವವರನ್ನು ಬ್ಯಾಂಕಿನಲ್ಲಿ ನೋಡ್ತೇನೆ. ನಂಬರ್ ಚಂದ ಇದ್ದರೆ ಕಂತು ಕಮ್ಮಿ ಆಗುವುದಿಲ್ಲ, ಮಾರಾಯ್ರೆ!

ಇನ್ನು ಕನ್ನಡ ಅಂಕಿಯ ಪ್ಲೇಟ್. ಕಾಸರಗೋಡಿನ ನಾನೂ ನನ್ನ ಮೊದಲ ಬೈಕಿಗೆ ಹಾಕಿಸಿದ್ದೆ. ಕೇಂದ್ರ ಮೋಟಾರು ವಾಹನ ನಿಯಮ 50ರ ಪ್ರಕಾರ ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ 1, 2, 3 ರೂಪದಲ್ಲೇ ಇರಬೇಕು. ಬೆಂಗಳೂರಿಗೂ ಇದೇ ನಿಯಮ. 2019 ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗಂತೂ ಎಚ್‌ಎಸ್‌ಆರ್‌ಪಿ ಪ್ಲೇಟೇ ಕಡ್ಡಾಯ.

ನನಗೆ ದಂಡ ಬಿತ್ತು. ಚೀಟಿ ಮಲಯಾಳದಲ್ಲಿತ್ತು. ಓದಲು ಬಾರದೆ, ಏನೂ ಕೇಳದೆ ದುಡ್ಡು ಕಟ್ಟಿ ಬಂದೆ. ಕಾನೂನು ಬಿಡದ ಕಡೆ ಕನ್ನಡ ಬರೆದಿದ್ದೆ. ಕಾನೂನು ಬಿಟ್ಟ ಕಡೆ ಬಾಯಿ ಮುಚ್ಚಿದ್ದೆ!

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಉಂಟು. ಹೊಸೂರು, ಜತ್ತ, ಅಕ್ಕಲಕೋಟೆ, ಮಡಕಶಿರಾದವರಿಗೂ ಸಂವಿಧಾನದ 350ನೇ ವಿಧಿ ಉಂಟು: ಕುಂದುಕೊರತೆಯ ಮನವಿ ಕನ್ನಡದಲ್ಲೇ ಕೊಡಬಹುದು.

ಪ್ಲೇಟ್ ನಿಯಮದಂತೆ ಇರಲಿ. ಮುಂದಿನ ಅರ್ಜಿ ಮಾತ್ರ ಕನ್ನಡದಲ್ಲಿ ಬರೆಯಿರಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಜೈ ಕನ್ನಡ.