ಬೂಟಿನ ಬೆಲೆ, ಕಾಲಿನ ಬಲ
(ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕೆ ಅಭ್ಯಾಸ ಮಾಡುವ ಹುಡುಗರು ಸಾಲ ಮಾಡಿ ವಿದೇಶಿ ಹೆಸರಿನ ಬೂಟು ಕೊಳ್ಳುವುದನ್ನು ನಾವು ಕಂಡಿದ್ದೇವೆ. ಅದು ಶೋಕಿಯಲ್ಲ, ಜಾಹೀರಾತು ಬಿತ್ತಿದ ಹೆದರಿಕೆ.

1960ರಲ್ಲಿ ರೋಮ್ ಒಲಿಂಪಿಕ್ಸಿನ ಮ್ಯಾರಥಾನನ್ನು ಇಥಿಯೋಪಿಯದ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ, 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಡಿ ಗೆದ್ದರು. ಜಗತ್ತಿನಲ್ಲಿ ಅಲ್ಲಿಯವರೆಗೆ ಅಷ್ಟು ವೇಗವಾಗಿ ಓಡಿದವರಿರಲಿಲ್ಲ. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟೂ ಗೆದ್ದರು. ಆದುದರಿಂದ ನಾವು ಬರಿಗಾಲಿನ ಭಕ್ತರಾಗಬೇಕಿಲ್ಲ. ಗಾಜು ಮುಳ್ಳಿನ ನಮ್ಮ ರಸ್ತೆಗಳಲ್ಲಿ ಅದು ಮೂರ್ಖತನವೇ ಸರಿ.

2023ರಲ್ಲಿ ಅದೇ ದೇಶದ ಟಿಗಿಸ್ಟ್ ಅಸೆಫಾ ಬರ್ಲಿನ್ನಿನಲ್ಲಿ ಮಹಿಳೆಯರ ವಿಶ್ವದಾಖಲೆ ಮಾಡಿದಾಗ ಅವರ ಕಾಲಲ್ಲಿದ್ದದ್ದು ಅಡಿಡಾಸ್ ಕಂಪೆನಿಯ 500 ಡಾಲರಿನ ಬೂಟು. ತೂಕ 138 ಗ್ರಾಂ. ಒಂದೇ ಮ್ಯಾರಥಾನಿಗೆಂದು ಮಾಡಿದ್ದು! ಇಂತಹವುಗಳಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಗುರ ನೊರೆ, ಕಾರ್ಬನ್ ಪಟ್ಟಿ ಓಟಗಾರನ ಶಕ್ತಿ ಉಳಿಸುತ್ತವೆ. ಅದಕ್ಕೆಂದೇ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಬೂಟಿನ ಅಟ್ಟೆಗೆ 40 ಮಿಲಿಮೀಟರಿನ ಮಿತಿ ಹಾಕಿತು. ಆದರೆ ಅದು ಮುಂದಿನ ಸಾಲಿನವರ ಜಗಳ.

ನಮ್ಮ ಹುಡುಗನಿಗೆ ಬೇಕಾದುದು ಬೆರಳಿಗೆ ಜಾಗ, ಹಿಮ್ಮಡಿಗೆ ಹಿಡಿತ, ಸವೆಯದ ಅಟ್ಟೆ. ಪೇಟೆಯ ಅಗ್ಗದ ಬೂಟೂ ಅದನ್ನು ಕೊಟ್ಟೀತು. ಸಂಜೆ, ಕಾಲು ತುಸು ಊದಿರುವಾಗ, ಎರಡನ್ನೂ ತೊಟ್ಟು ನೋಡಿ ಕೊಳ್ಳಿರಿ. ಉಳಿದ ಹಣಕ್ಕೆ ಮೊಟ್ಟೆ, ಕಡಲೆಕಾಯಿ ಬರುತ್ತವೆ.

ಇನ್ನು ಓಡುವುದಕ್ಕೆ ಮೈದಾನವೆಲ್ಲಿದೆ? ಅದರ ಅರ್ಜಿ ಈ ಮೇಜಿನ ಮೇಲಿದೆ. ಸಹಿ ಹಾಕಿ ಹೋಗಿರಿ.