ಕೂಡಿದರೂ ಹೆಚ್ಚದ ರಾಶಿ



ಬರ ಬಿದ್ದುದರಿಂದ ಈ ಸಲ ದಾಸೋಹಕ್ಕೆ ಜೋಳ ತರಲಾಗಲಿಲ್ಲವೆಂದು ನಿನ್ನೆ ಒಬ್ಬ ತಾಯಿ ನಮ್ಮೆದುರು ಕಣ್ಣೀರಿಟ್ಟಳು. ‘ಲಿಂಗಯ್ಯಗ ಕಡಿಮಿ ಬಿತ್ತಲ್ಲರಿ ಅಪ್ಪಾರ’ ಎಂದಳು.

ಶರಣರ ಶತಮಾನದವರೇ ಆದ ಭಾಸ್ಕರಾಚಾರ್ಯರು ಕ್ರಿ. ಶ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅದರ ಬೀಜಗಣಿತ ಭಾಗದಲ್ಲಿ, ಸೊನ್ನೆಯಿಂದ ಭಾಗಿಸಿದ ರಾಶಿಗೆ ‘ಖಹರ’ವೆಂದು ಹೆಸರು. ಅದು ಅನಂತ, ಎಷ್ಟು ಕೂಡಿದರೂ ಕಳೆದರೂ ಅದಕ್ಕೆ ವಿಕಾರವಿಲ್ಲ. ಪ್ರಳಯದಲ್ಲಿ ಜೀವರಾಶಿಯೆಲ್ಲ ಒಳಹೊಕ್ಕರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನು ಇದ್ದಂತೆಯೇ ಇರುವ ಹಾಗೆ, ಎಂದು ಆಚಾರ್ಯರ ಉಪಮೆ. ಸೊನ್ನೆಯಿಂದ ಭಾಗಿಸುವುದನ್ನು ಇಂದಿನ ಗಣಿತಜ್ಞರು ಒಪ್ಪರು. ಅದಿರಲಿ, ಉಪಮೆ ಸಾಧುವಾದುದು.

ನಾವೆಂದೆವು: ತಾಯೀ, ನೀನು ಜೋಳ ಕೊಟ್ಟ ವರ್ಷ ಲಿಂಗವು ಹೆಚ್ಚಲಿಲ್ಲ, ಈ ವರ್ಷ ಕುಗ್ಗಲೂ ಇಲ್ಲ. ಕಡಿಮೆ ಬೀಳುವುದು ಹಸಿದವರ ತಾಟಿನಲ್ಲಿ. ಅದನ್ನು ಈ ಸಲ ಉಳ್ಳವರು ತುಂಬಲಿ. ನೀನು ಮಕ್ಕಳನ್ನು ಕರೆದುಕೊಂಡು ಪ್ರಸಾದಕ್ಕೆ ಬಾ.